ಇವರ ರಾಕ್ ಹಾಡು, ನನ್ನ ಸೋಬಾನೆ

ಮದುವೆಯಾಗಿ ರಾಮನಗರಕ್ಕೆ ಬಂದ ಮೊದಲ ಭಾನುವಾರವೇ ಆ ಹಾಡು ನನ್ನ ತಲೆ ತಿಂದಿತ್ತು. ನನ್ನ ಗಂಡ ಬೈಕ್ ತೊಳೆಯುವಾಗ ಸ್ಪೀಕರನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು ಅದನ್ನು ಹಾಕುತ್ತಿದ್ದರು. ನಾವಿಬ್ಬರೂ ಹುಟ್ಟುವ ಮೊದಲೇ ಬಂದಿದ್ದ ಇಂಗ್ಲಿಷ್ ರಾಕ್ ಹಾಡು; ಡ್ರಮ್ಮು, ಗಿಟಾರು, ಕೊನೆಗೆ ಗಂಟಲು ಹರಿಯುವಂಥ ಒಂದು ಕೂಗು. ಆ ಜಾಗ ಬಂದಾಗ ಇವರೂ ಕೈಯಲ್ಲಿ ಪೈಪು ಹಿಡಿದೇ ಕೂಗುತ್ತಿದ್ದರು. ಪಕ್ಕದ ಮನೆಯವರ ಮುಖ ನೋಡಲಾಗದೆ ನಾನು ಒಳಗೆ ಹೋಗಿಬಿಡುತ್ತಿದ್ದೆ. ‘ಇದರ ಅರ್ಥ ಏನ್ರೀ?’ ಎಂದು ಒಮ್ಮೆ ಕೇಳಿದ್ದಕ್ಕೆ, ‘ಅರ್ಥ ಗಿರ್ಥ ಏನೂ ಇಲ್ಲ ಕಣೆ, ಜೋರಾಗಿ ಕೇಳ್ಬೇಕು ಅಷ್ಟೆ’ ಎಂದರು. ಜೋರಿಗೇನೂ ಕೊರತೆಯಿರಲಿಲ್ಲ. ಕಾಲೇಜಿನಲ್ಲಿ ಗೆಳೆಯರ ಜೊತೆ ಬ್ಯಾಂಡ್ ಕಟ್ಟಿಕೊಂಡು ಅದನ್ನೇ ಹಾಡಿದವರಂತೆ. ಕೆಲಸಕ್ಕೆ ಸೇರಿದ ಮೇಲೆ ಉಳಿದದ್ದು ಬೈಕ್ ತೊಳೆಯುವ ಹೊತ್ತು ಮಾತ್ರ.

ಕೆಲಸ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ. ಕಳೆದ ವರ್ಷ ಅಲ್ಲಿನ ಕ್ಯಾಂಟೀನಿನಲ್ಲಿ ಊಟದ ತಟ್ಟೆ ಹಿಡಿದುಕೊಂಡೇ ಬಿದ್ದರು. ಸ್ಟ್ರೋಕ್. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತು ಪೂರ್ತಿ ನಿಂತಿತ್ತು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ತಾವು ಹೇಳಬೇಕೆಂದು ಬಾಯಿ ತೆರೆದರೆ ಮಾತ್ರ ‘ತ, ತ, ತ’ ಅಷ್ಟೆ. ಹೊದಿಕೆ ಕೇಳಿದರೆ ನಾನು ನೀರು ಕೊಡುತ್ತಿದ್ದೆ, ನೀರು ಕೇಳಿದರೆ ಫ್ಯಾನ್ ಹಾಕುತ್ತಿದ್ದೆ. ಇವರು ಎಡಗೈಯಿಂದ ಲೋಟ ತಳ್ಳಿ ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ನನಗೂ ರೇಗುತ್ತಿತ್ತು. ಕಾಯಿಲೆಯವರ ಮೇಲೆ ರೇಗಬಾರದು ಎನ್ನುವವರು ಒಂದು ವಾರ ಬಂದು ನೋಡಿಕೊಳ್ಳಲಿ.

ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಹುಡುಗಿ, ‘ತಲೆಯೊಳಗೆ ಮಾತಿನ ಜಾಗ ಬೇರೆ, ಹಾಡಿನ ಜಾಗ ಬೇರೆ. ಹಾಡಿಸಿ ನೋಡಿ’ ಎಂದಳು. ನಮ್ಮತ್ತೆ ಅವತ್ತೇ ಕೆಂಗಲ್ ಆಂಜನೇಯನ ಭಜನೆ ಶುರು ಮಾಡಿದರು. ಮಗ ತುಟಿ ಬಿಚ್ಚಲಿಲ್ಲ. ಆಮೇಲೊಂದು ದಿನ ನೆಲ ಒರೆಸುತ್ತಾ ನಾನು ನನಗೇ ತಿಳಿಯದಂತೆ ಆ ಹಾಳು ಹಾಡನ್ನು ಗುನುಗುತ್ತಿದ್ದೆ. ಮಂಚದ ಮೇಲಿಂದ ಇವರ ದನಿ ಸೇರಿಕೊಂಡಿತು. ಇಂಗ್ಲಿಷ್ ಸಾಲು, ಒಂದಕ್ಷರ ತೊದಲಲಿಲ್ಲ.

‘ಅಯ್ಯೋ, ನನ್ ಮಗ ಮಾತಾಡ್ಬುಟ್ಟ!’ ಎಂದು ಅತ್ತೆ ಅಡುಗೆಮನೆಯಿಂದ ಓಡಿಬಂದರು. ‘ಅದ್ಯಾರ್ನವ್ವ ಬೈತಾವ್ನೆ?’

ಆದರೆ ಇಂಗ್ಲಿಷ್ ಸಾಲಿನಿಂದ ನೀರು ಕೇಳಲಾಗುವುದಿಲ್ಲವಲ್ಲ. ನನ್ನ ತವರು ಮಾಗಡಿ ಕಡೆಯ ಕಲ್ಯ. ಮದುವೆಮನೆಗಳಲ್ಲಿ ನಮ್ಮವ್ವ ಸೋಬಾನೆ ಹೇಳುವಾಗ ನಾನೂ ಪಕ್ಕದಲ್ಲಿ ಕೂತವಳು. ಸೋಬಾನೆಯಲ್ಲಿ ಒಬ್ಬಳು ಸೊಲ್ಲು ಎತ್ತುತ್ತಾಳೆ, ಉಳಿದವರು ಅದರ ಕೊನೆ ಹಿಡಿದು ಎಳೆಯುತ್ತಾರೆ. ಪದ ಗೊತ್ತಿಲ್ಲದವಳೂ ಕೊನೆ ಹಿಡಿದರೆ ಸಾಕು, ಹಾಡಿದಂತೆಯೇ. ಹಾಗೇ ಮಾಡಿದೆ. ರಾಕ್ ಹಾಡಿನ ಓಟ ನಿಲ್ಲಿಸಿ, ಧಾರೆಗೆ ಹೆಣ್ಣು ಕರೆತರುವ ನಿಧಾನಕ್ಕೆ ತಂದೆ. ಇಂಗ್ಲಿಷ್ ತೆಗೆದು ನಮ್ಮ ಮನೆಯ ಮಾತು ಹಾಕಿದೆ. ನಾನು ‘ನೀರೂ...’ ಎಂದು ಎತ್ತಿದರೆ ಇವರು ‘ಬೇಕೂ...’ ಎಂದು ಹಿಡಿಯಬೇಕು. ಕೂಗಿನ ಜಾಗಕ್ಕೆ ‘ಕಕ್ಕಸಿಗೇ...’ ಬಂತು. ಬೇರೆ ಯಾವ ಪದವೂ ಆ ಉದ್ದಕ್ಕೆ ಕೂರಲಿಲ್ಲ, ನಾನೇನು ಮಾಡಲಿ?

ಹಟ ಹಿಡಿದು ಕೂತೆ. ಒಂದೆರಡು ತಿಂಗಳಿಗೆ ನಾನು ಎತ್ತದೆಯೂ ಇವರು ಪೂರ್ತಿ ಸಾಲು ಹಾಡಿ ನೀರು, ಕಾಫಿ, ಹೊದಿಕೆ ಕೇಳುವಂತಾದರು. ‘ಬೇಡ’ ಎನ್ನುವುದನ್ನು ನಾನು ಕಲಿಸಿರಲಿಲ್ಲ. ಬೇಡವಾದದ್ದನ್ನು ತಳ್ಳಲು ಎಡಗೈ ಇತ್ತು. ಅಷ್ಟಾದರೂ ನನಗೆ ಸಮಾಧಾನವಿಲ್ಲ. ನಾನು ಬಾಯಿಗಿಟ್ಟ ಮಾತನ್ನೇ ಇವರು ನನಗೆ ತಿರುಗಿ ಕೊಡುತ್ತಿದ್ದರು. ನಾನು ಕಲಿಸದ ಒಂದೇ ಒಂದು ಮಾತನ್ನು ತಾವಾಗಿ ಆಡಲಿ, ಬೈಗುಳವಾದರೂ ಸರಿ, ಇವರು ಒಳಗೆ ಇದ್ದಾರೆಂದು ನನಗೆ ಗೊತ್ತಾಗಲಿ ಎಂದು ಕಾಯುತ್ತಿದ್ದೆ. ಹಾಗೆ ಆಡಿದ ದಿನ ಕೆಂಗಲ್‌ಗೆ ನಡೆದುಕೊಂಡೇ ಬರುತ್ತೇನೆಂದು ಹರಕೆಯನ್ನೂ ಹೊತ್ತಿದ್ದೆ.

ಕಾಲೇಜಿನ ಬ್ಯಾಂಡಿನಲ್ಲಿ ಗಿಟಾರ್ ಬಾರಿಸುತ್ತಿದ್ದ ಗೆಳೆಯ ಚನ್ನಪಟ್ಟಣದಿಂದ ನೋಡಲು ಬಂದ. ಅತ್ತೆಗೆ ಮಗನ ಮಾತು ತೋರಿಸುವ ಉಮೇದು. ‘ಒಸಿ ಯೋಳು ಮಗ, ಆ ಕಕ್ಕಸಿನ ಪದ ಯೋಳು’ ಎಂದರು. ಇವರು ಹಾಡಿದರು. ಗೆಳೆಯ ಮೊದಲು ಸುಮ್ಮನೆ ನಗುತ್ತಿದ್ದ. ಅರ್ಧಕ್ಕೆ ಬಂದಾಗ ಅದು ಯಾವ ಹಾಡೆಂದು ಅವನಿಗೆ ಹೊಳೆಯಿತು. ನಗು ನಿಂತಿತು. ಕಣ್ಣು ಒರೆಸಿಕೊಂಡು, ‘ಯಾವ ಬ್ಯಾಂಡೂ ಈ ಹಾಡ್ನ ಇಂಗೆ ತಿರುಗ್ಸಿ ಹಾಡಿಲ್ಲ ಅತ್ತಿಗೆ’ ಎಂದ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡ. ಇವರಿಗೆ ಖುಷಿಯಾಗಲಿ ಎಂದುಕೊಂಡು ಅದನ್ನು ಇವರ ಮುಂದೆ ಹಿಡಿದ. ‘ನೋಡ್ಲಾ, ಹೆಂಗೈತೆ ನಿನ್ ಪದ!’

ಇವರು ನೋಡಿದರು. ಸೊಟ್ಟಗಾದ ಬಾಯಿ, ಗಲ್ಲದ ಮೇಲೆ ಜೊಲ್ಲು, ಆ ಹಾಡು, ಅದರಲ್ಲಿ ಕಕ್ಕಸು. ಕೊನೆಯವರೆಗೂ ನೋಡಿದರು. ಮುಖದಲ್ಲಿ ಏನೂ ಕಾಣಿಸಲಿಲ್ಲ. ಗೆಳೆಯ ಕಾಫಿ ಕುಡಿದು ಹೊರಟ.

ಮಾರನೆಯ ಬೆಳಿಗ್ಗೆ ದಿಂಬು ಸರಿಮಾಡುತ್ತಾ ನಾನು ಎಂದಿನಂತೆ ‘ಕಾಫೀ...’ ಎಂದು ಎತ್ತಿದೆ. ಇವರು ನನ್ನನ್ನು ದಿಟ್ಟಿಸಿ ನೋಡಿ, ಹಳೆಯ ಓಟದಲ್ಲಿ, ಆ ಕೂಗಿನ ಜಾಗಕ್ಕೆ ನೇರವಾಗಿ ಹೋಗಿ, ಬೀದಿಗೆ ಕೇಳುವಷ್ಟು ಜೋರಾಗಿ ಹಾಡಿದರು: ‘ಹಾಡು ಬೇಡಾ!’

ನನ್ನ ಬುದ್ಧಿಗೆ ಏನನ್ನಲಿ, ಮೊದಲು ಬಂದದ್ದು ಸಂತೋಷವೇ. ‘ಅತ್ತೆ, ತಾವಾಗೇ ಮಾತಾಡಿದ್ರು!’ ಎಂದು ಅಡುಗೆಮನೆಗೆ ಓಡಿದೆ. ‘ಏನಂದ್ನವ್ವ?’ ಎಂದು ಅವರು ಕೇಳಿದಾಗಲೇ ಆ ಮಾತಿನ ಅರ್ಥ ನನಗೆ ತಟ್ಟಿದ್ದು. ಒಲೆಯ ಮುಂದೆ ನಿಂತು ಅತ್ತುಬಿಟ್ಟೆ.

ಆಮೇಲೆ ಇವರು ಹಾಡಲಿಲ್ಲ. ಹಾಡಿಲ್ಲದೆ ಮಾತಿಲ್ಲ. ಈಗ ಏನಾದರೂ ಬೇಕಾದರೆ ಮಂಚದ ಪಟ್ಟಿಗೆ ಎಡಗೈಯಿಂದ ಬಡಿಯುತ್ತಾರೆ. ನಾನು ಹೋಗಿ ಲೋಟ, ಹೊದಿಕೆ, ಬೆಡ್‌ಪ್ಯಾನು ಒಂದೊಂದಾಗಿ ತೋರಿಸುತ್ತೇನೆ. ಕೆಲವು ಸಲ ಅಷ್ಟರಲ್ಲಿ ಹಾಸಿಗೆ ಒದ್ದೆಯಾಗಿರುತ್ತದೆ. ನಿಲ್ಲಿಸಬೇಡಿ, ಇರುವ ದಾರಿ ಅದೊಂದೇ ಎಂದು ಥೆರಪಿಸ್ಟ್ ಹುಡುಗಿ ಹೇಳಿ ಸಾಕಾದಳು. ಅತ್ತೆ ದಿನಾ ಗೋಗರೆಯುತ್ತಾರೆ, ‘ಒಂದ್ಸಲ ಎತ್ಕೊಡವ್ವ, ಯೋಳ್ತಾನೆ.’ ನಾನು ಎತ್ತಿಕೊಡುವುದಿಲ್ಲ. ಬಿದ್ದ ಮೇಲೆ ಇವರು ತಾವಾಗಿ ಆಡಿದ್ದು ಅದೊಂದೇ ಮಾತು. ಅದನ್ನೂ ನಾನು ಕೇಳದೆ ಹೋದರೆ ಇವರು ಇನ್ನು ಯಾರಿಗೆ ಹೇಳಬೇಕು?