ಕುಂದು ಎಂಬ ಖಾನೆ

ಚನ್ನಪಟ್ಟಣದ ಅಂಚೆ ಕಚೇರಿಯ ಎದುರಿಗಿರುವ ‘ಬಸವೇಶ್ವರ ಟೈಪಿಂಗ್ ಮತ್ತು ಇಂಟರ್‌ನೆಟ್’ ಅಂಗಡಿಯ ಶಂಭುಲಿಂಗ, ನಲವತ್ತು ತುಂಬುವ ಹೊತ್ತಿಗೆ ಏನಿಲ್ಲವೆಂದರೂ ಆರುನೂರು ಮದುವೆ ಬಯೋಡೇಟಾ ಬರೆದಿದ್ದ. ಅವುಗಳಲ್ಲಿ ಒಂದು ಸುಳ್ಳೂ ಇರಲಿಲ್ಲ. ನಿಜವೂ ಅಷ್ಟಾಗಿ ಇರಲಿಲ್ಲ. ತಲೆ ಬೋಳಾದ ಗಂಡಿಗೆ ‘ಗಂಭೀರ ಮುಖಭಾವ’. ಮನೆಮಂದಿಯನ್ನೆಲ್ಲ ಗದರಿಸಿ ಮೂಲೆಗೆ ಕೂರಿಸುವ ಹೆಣ್ಣಿಗೆ ‘ಶಿಸ್ತಿನ ಸ್ವಭಾವ’. ಎರಡು ವರ್ಷದಿಂದ ಅರಳಿಕಟ್ಟೆ ಕಾಯುತ್ತಿರುವವನು ‘ಸ್ವಂತ ಉದ್ಯಮದ ಚಿಂತನೆಯಲ್ಲಿದ್ದಾರೆ’. ಬಿಡದಿ, ಹಾರೋಹಳ್ಳಿಗಳ ಕಡೆ ಕಾರ್ಖಾನೆಗಳು ಹೆಚ್ಚಿದಂತೆ ಶಂಭುಲಿಂಗನ ಹಾಳೆಯಲ್ಲಿ ಖಾನೆಗಳೂ ಹೆಚ್ಚಿದವು. ಕೆಲಸದ ಅರ್ಜಿ ಬರೆಸಿಕೊಂಡು ಹೋದವನೇ ಆರು ತಿಂಗಳಿಗೆ ಮದುವೆಯದಕ್ಕೆ ಬರುತ್ತಿದ್ದ. ಮೊದಲನೆಯದರಲ್ಲಿ ಕುಂದಿಲ್ಲ, ಎರಡನೆಯದರಲ್ಲಿ ಕಳಂಕವಿಲ್ಲ.

ಶಂಭುಲಿಂಗನ ಸ್ವಂತ ಬಯೋಡೇಟಾದಲ್ಲಿ ‘ಮಿತಭಾಷಿ’ ಎಂದಿತ್ತು.

ಅಸಲು ಸಂಗತಿ ಏನೆಂದರೆ, ‘ಬ’ ಅಕ್ಷರ ಎದುರಾದರೆ ಅವನ ನಾಲಿಗೆ ರೈಲ್ವೆ ಗೇಟು ಬಿದ್ದಾಗಿನ ಲಾರಿಯಂತೆ ನಿಂತುಬಿಡುತ್ತಿತ್ತು. ಹೆತ್ತ ತಾಯಿ ಬಸಮ್ಮ, ಅಪ್ಪ ಇಟ್ಟುಹೋದ ಅಂಗಡಿ ಬಸವೇಶ್ವರ, ಮಾಡುವ ಕೆಲಸ ಬಯೋಡೇಟಾ: ದೇವರು ಒಬ್ಬನ ಕಡೆಗೇ ಇಷ್ಟೊಂದು ಗಮನ ಕೊಡಬಾರದು. ಊರಿನವರು ಒಳ್ಳೆಯವರಾದ್ದರಿಂದ ಅವನು ತಡೆದಲ್ಲೆಲ್ಲ ಅವನ ಮಾತನ್ನು ತಾವೇ ಮುಗಿಸಿಕೊಡುತ್ತಿದ್ದರು. ಬೇಕರಿ ಮುಂದೆ ನಿಂತು “ಬ... ಬ...” ಎಂದರೆ “ಬನ್ ತಾನೆ? ತಗೊ” ಎಂದು ಕೈಗಿಡುತ್ತಿದ್ದರು. ಅವನಿಗೆ ಬೇಕಿದ್ದುದು ಬಿಸ್ಕತ್ತು. ಹದಿನೈದು ವರ್ಷದಿಂದ ಬನ್ ತಿನ್ನುತ್ತಿದ್ದ.

ಹೆಣ್ಣು ನೋಡುವ ಶಾಸ್ತ್ರ ಏಳು ಸಲ ಆಗಿತ್ತು. ಸುಮ್ಮನೆ ಕೂತಾಗ ಜಂಬದವನು ಎಂದರು, ಬಾಯಿ ತೆರೆದಾಗ ಮಂಕು ಎಂದರು. ಬಸಮ್ಮನವರಿಗೆ ಓದು ಬರದು. ಬಯೋಡೇಟಾವನ್ನು ‘ಬಾಯ್‌ಡೇಟ’ ಎನ್ನುತ್ತಿದ್ದರು. ಮಗನ ಹಾಳೆಯಲ್ಲಿ ಬಿಟ್ಟುಹೋಗಿದ್ದ ಡೇಟಾ ಅದೊಂದೇ.

“ಇನ್ನೊಂದ್ ಸರ್ತಿ ನೋಡ್ತೀನಿ ಕಣಪ್ಪ. ಮಾಗಡಿಯಾಗೆ ಒಂದು ಒಳ್ಳೆ ಜಾಗ ಐತೆ. ಅದೂ ಆಗ್ನಿಲ್ಲ ಅಂದ್ರೆ ನಿನ್ ತಂಟೆಗೇ ಬರಾಕಿಲ್ಲ” ಎಂದರು ಅವರು ಒಂದು ದಿನ.

ಬೇಡ ಎನ್ನಲು ಅವನಿಗೆ ಅನುಕೂಲವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಅಂಗಡಿಯಲ್ಲಿ ಒಬ್ಬನೇ ಕೂತು ಉಣ್ಣುವುದು ಅವನಿಗೆ ಸಾಕಾಗಿತ್ತು.

ರಾಮನಗರ ಜಿಲ್ಲೆಯಾದ ವರ್ಷ ಅದು. ಪಕ್ಕದ ಕಂಪ್ಯೂಟರ್ ರಿಪೇರಿ ಗಫಾರ್ ಆಗಷ್ಟೇ ಅಂಗಡಿಗೆ ಇಂಟರ್‌ನೆಟ್ ಎಳೆದುಕೊಟ್ಟು, ಅದರ ಜೊತೆಗೊಂದು ಚಟವನ್ನೂ ಅಂಟಿಸಿದ್ದ. ‘ಏಳು ಕೋಟೆ’ ಎಂಬ ಆಟ. ಚಿತ್ರವಿಲ್ಲ, ಗುಂಡು ಹೊಡೆಯುವುದಿಲ್ಲ, ಎಲ್ಲ ಕನ್ನಡ ಬರವಣಿಗೆ. ಎಲ್ಲೆಲ್ಲಿಯೋ ಇರುವ ಮೂವತ್ತು ನಲವತ್ತು ಜನ ತಮಗೊಂದು ಪಾತ್ರ ಕಟ್ಟಿಕೊಂಡು, ಆ ಪಾತ್ರ ಏನು ಮಾಡಿತು, ಏನು ಅಂದಿತು ಎಂದು ಒಬ್ಬರಾದ ಮೇಲೊಬ್ಬರು ಬರೆಯುತ್ತ ಕಥೆ ಬೆಳೆಸಬೇಕು.

“ನಿನ್ಗೇ ಹೇಳ್ ಮಾಡ್ಸಿದಂಗೈತೆ ಕಣ್ಲಾ ಶಂಭು,” ಎಂದ ಗಫಾರ್. “ಇಲ್ಲಿ ಬಾಯಿಗೆ ಕೆಲ್ಸಾನೇ ಇಲ್ಲ, ಎಲ್ಲ ಬೆರಳಿನ ಮಾತು.”

ಆದರೆ ಒಳಗೆ ಹೋಗಬೇಕಾದರೆ ಮೊದಲು ಪಾತ್ರ ಪರಿಚಯ ಬರೆದು ಕಳಿಸಬೇಕು. ರೂಪ, ನಡಿಗೆ, ಮಾತು, ಹಿಂದಿನ ಕಥೆ, ಕೊನೆಗೆ ಒಂದು ಕುಂದು. ‘ಕೋಟೆಪಾಲಕ’ ಎಂಬ ಹೆಸರಿನಲ್ಲಿ ಆಟ ನಡೆಸುವವರು ಒಪ್ಪಿದರೆ ಬಾಗಿಲು ತೆರೆಯುತ್ತದೆ.

ಪರಿಚಯ ಬರೆಯುವುದನ್ನು ಶಂಭುಲಿಂಗನಿಗೆ ಹೇಳಿಕೊಡಬೇಕೆ? ಮೇಲೆ ‘ಶ್ರೀ’ಕಾರ, ಕೆಳಗೆ ಅಂಗಡಿ ವಿಳಾಸ ಇರುವ ಮದುವೆ ಹಾಳೆಯನ್ನೇ ತೆರೆದು ಒಂದೇ ಏಟಿಗೆ ಬರೆದ. ಹೆಸರು: ರಣಧೀರ. ಎತ್ತರ: ಐದು ಅಡಿ ಒಂಬತ್ತು ಅಂಗುಲ. ಬಣ್ಣ: ಗೋಧಿ. ನಕ್ಷತ್ರ: ರೋಹಿಣಿ. ಉದ್ಯೋಗ: ದಂಡನಾಯಕ, ಕಾಯಂ. ಆಸ್ತಿ: ಸ್ವಂತ ಕುದುರೆ, ಸ್ವಂತ ಕತ್ತಿ, ಮೂರು ಎಕರೆ ನೀರಾವರಿ. ದುಶ್ಚಟಗಳಿಲ್ಲ.

ಮಾರನೆಯ ದಿನ ಉತ್ತರ ಬಂತು: ‘ಇವರಿಗೆ ಹೆಣ್ಣು ಕೊಡಬಹುದು, ಕೋಟೆಗೆ ಸೇರಿಸಲಾಗದು. ಕುಂದು ಎಲ್ಲಿ?’

ಶಂಭುಲಿಂಗ ಕೆಲಸದ ಅರ್ಜಿಗಳ ಅನುಭವ ನೆನೆದು ‘ಕುಂದು: ಅತಿಯಾದ ಪ್ರಾಮಾಣಿಕತೆ’ ಎಂದು ಸೇರಿಸಿದ. ‘ಇದು ಕುಂದಲ್ಲ, ಇಂಟರ್‌ವ್ಯೂ’ ಎಂದು ಹಾಳೆ ಹಿಂದಕ್ಕೆ ಬಂತು. ಮೂರನೆಯ ಸಲ ರೇಗಿ, ರಣಧೀರನ ಒಂದು ಕಣ್ಣು ಕಿತ್ತು, ಕಾಲು ಕುಂಟು ಮಾಡಿ, ಹೆಂಡ ಕುಡಿಸಿ ಕಳಿಸಿದ. ‘ಇವರು ಕೋಟೆಗಲ್ಲ, ಆಸ್ಪತ್ರೆಗೆ. ಮಹರಾಯರೇ, ನೀವು ಹತ್ತಿರದಿಂದ ಕಂಡ ಒಬ್ಬ ಮನುಷ್ಯನನ್ನು ಬರೆಯಿರಿ, ಸಾಕು’ ಎಂದರು ಕೋಟೆಪಾಲಕರು.

ಹತ್ತಿರದಿಂದ ಕಂಡ ಮನುಷ್ಯ ಯಾರಪ್ಪ ಎಂದು ಎರಡು ದಿನ ಯೋಚಿಸಿದ. ಮೂರನೆಯ ದಿನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದೇ ಶ್ರೀಕಾರದ ಹಾಳೆಯಲ್ಲಿ ನಿಧಾನವಾಗಿ ಬರೆದ.

ಹೆಸರು: ಶಂಭು. ಉದ್ಯೋಗ: ಕೋಟೆ ಬಾಗಿಲಲ್ಲಿ ಕೂತು ಜನರಿಗೆ ಪತ್ರ ಬರೆದುಕೊಡುವುದು. ನಡಿಗೆ: ಗೋಡೆ ಪಕ್ಕ. ಆಯುಧ: ಇಲ್ಲ. ಹೆದರಿಕೆ: ಹುಂಜ. ಹಿಂದಿನ ಕಥೆ: ಆರುನೂರು ಜನರಿಗೆ ಪತ್ರ ಬರೆದಿದ್ದಾನೆ, ಇವನ ಹೆಸರಿಗೆ ಒಂದೂ ಬಂದಿಲ್ಲ. ಕುಂದು: ‘ಬ’ ಎನ್ನಲು ಹೊತ್ತು ಹಿಡಿಯುತ್ತದೆ. ಕಾಯುವವರು ಸಿಕ್ಕಿಲ್ಲ.

ಅವನು ಹಳೇ ಟೈಪಿಂಗ್ ಕಾಲದವನು. ತಪ್ಪು ತಿದ್ದಲು ಕಾಗದದ ಮೇಲೇ ಓದಬೇಕು. ಎರಡು ಪ್ರತಿ ತೆಗೆದು, ಒಂದನ್ನು ಪ್ರಿಂಟರಿನ ಮೇಲೆಯೇ ಬಿಟ್ಟು, ಇನ್ನೊಂದನ್ನು ಗಫಾರನಿಗೆ ತೋರಿಸಲು ಪಕ್ಕದಂಗಡಿಗೆ ಹೋದ.

ಅಷ್ಟರಲ್ಲಿ ಬಸಮ್ಮನವರು ಮಾಗಡಿಗೆ ಹೊರಟವರು ಅಂಗಡಿಗೆ ಬಂದರು. ಓದು ಬರದಿದ್ದರೂ ಬಾಯ್‌ಡೇಟ ಹೇಗಿರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು: ನೆತ್ತಿಗೆ ಶ್ರೀಕಾರ, ಸಾಲಿಗೊಂದು ಜೋಡಿಚುಕ್ಕಿ. ಪ್ರಿಂಟರಿನ ಮೇಲಿದ್ದ ಹಾಳೆ ತೆಗೆದುಕೊಂಡು, ಸೆರಗಿನ ಗಂಟಿನಲ್ಲಿದ್ದ ಅರಿಶಿನವನ್ನು ನಾಲ್ಕು ಮೂಲೆಗೂ ಹಚ್ಚಿ, ದೇವರ ಪಟಕ್ಕೆ ತೋರಿಸಿ, ಬಸ್ಸು ಹತ್ತಿದರು.

ಸಂಜೆ ವಾಪಸು ಬಂದು “ಕೊಟ್ಬುಟ್ಟು ಬಂದೆ ಕಣಪ್ಪ. ಹೆಣ್ಣಿನ ಅಪ್ಪ ಚನ್ನಲಿಂಗಪ್ಪ ಅಂತ, ಹಿಟ್ಟಿನ ಗಿರಣಿ ಮಡಗವ್ರೆ. ಹಾಳೇನ ಎರಡ್ ಸರ್ತಿ ಓದುದ್ರು!” ಎಂದಾಗ ಶಂಭುಲಿಂಗ ಡ್ರಾಯರ್ ಎಳೆದು ನೋಡಿದ. ಅಸಲಿ ಬಯೋಡೇಟಾ ಅಲ್ಲೇ ಬೆಚ್ಚಗೆ ಮಲಗಿತ್ತು.

ತಾಯಿಗೆ ಏನೂ ಹೇಳದೆ ಗಿರಣಿಗೆ ಫೋನು ಮಾಡಿದ. ಆ ಕಡೆಯಿಂದ “ಯಾರು?” ಎಂದರು. ಹೇಳಬೇಕಾದ ಮೊದಲ ಪದವೇ ‘ಬಯೋಡೇಟಾ’. ಮೂರು ಸಲ “ಬ... ಬ...” ಎನ್ನುವಷ್ಟರಲ್ಲಿ “ಲೈನ್ ಸರಿಯಿಲ್ಲ” ಎಂದು ಇಟ್ಟುಬಿಟ್ಟರು. ಆಮೇಲೆ ಕಾಗದ ಬರೆದು ಅಂಚೆಗೆ ಹಾಕಿದ. ಕಾಗದ ಮಾಗಡಿ ಮುಟ್ಟುವ ಮೊದಲೇ ಮಾಗಡಿಯವರು ಅಂಗಡಿ ಬಾಗಿಲು ಮುಟ್ಟಿದರು.

ಭಾನುವಾರ, ಬಸಮ್ಮನವರು ಮಗನಿಗೆ ಊಟ ತಂದಿದ್ದ ಹೊತ್ತು. ಚನ್ನಲಿಂಗಪ್ಪನವರು ಮೀಸೆಯ ಮೇಲೆ ಹಿಟ್ಟು ಉಳಿದಂತೆ ಕಾಣುವ ಬಿಳಿಕೂದಲಿನ ಮನುಷ್ಯ. ಹಿಂದೆ ಮಗಳು ಶಿವಗಂಗಾ, ಮೂವತ್ತೈದರ ಆಸುಪಾಸು.

“ಏನ್ ಸ್ವಾಮಿ ನೀವು!” ಎಂದು ಶುರುಮಾಡಿದರು ಚನ್ನಲಿಂಗಪ್ಪ, ಅರಿಶಿನದ ಹಾಳೆ ಬಿಚ್ಚುತ್ತ. “ಕೋಟೆ ಬಾಗ್ಲಲ್ಲಿ ಪತ್ರ ಬರೀತೀನಿ ಅಂತ ಹಾಕಿದ್ದೀರಿ. ಮನೆ ಚನ್ನಪಟ್ಟಣ ಆದ್ರೂ ಕೆಲ್ಸ ನಮ್ಮೂರ್ ಕೋಟೆತಾವ್ಲೇ ಅಂದ್ಕೊಂಡು ನಮ್ ಮಾಗಡಿ ಕೋಟೆ ಸುತ್ತಾ ಎರಡ್ ದಿನ ಅಲ್ದೆ ನಾನು. ಟೀ ಅಂಗ್ಡಿಯವ್ನ ಕೇಳ್ದೆ, ಕುರಿ ಮೇಯ್ಸೋನ ಕೇಳ್ದೆ. ಪತ್ರ ಬರಿಯೋ ಶಂಭು ಅನ್ನೋನು ಕೋಟೆತಾವ ಇಲ್ವೇ ಇಲ್ಲ ಅಂದ್ರು! ಆಮೇಲೆ ನೋಡುದ್ರೆ ಕೆಳ್ಗಡೆ ಚನ್ನಪಟ್ಟಣದ ಅಂಗ್ಡಿ ವಿಳಾಸ.”

ಬಸಮ್ಮ ಗಾಬರಿಯಾಗಿ ಮಗನ ಮುಖ ನೋಡಿದರು. “ಯಾವ್ ಕೋಟೇಲಾ?”

ಸುಮ್ಮನಿದ್ದುಬಿಟ್ಟರೆ ಸಂಬಂಧ ಉಳಿದೀತೇನೋ. ಕೋಟೆ ಎಂದರೆ ಅಂಗಡಿ, ಪತ್ರ ಎಂದರೆ ಟೈಪಿಂಗು ಎಂದು ಯಾರಾದರೂ ಅರ್ಥ ಹೇಳಿ ಮುಗಿಸಿಯಾರು. ಹದಿನೈದು ವರ್ಷದಿಂದ ಎಲ್ಲ ಹಾಗೇ ಮುಗಿದಿದೆ. ಆದರೆ ಶಂಭುಲಿಂಗ ಎದ್ದು ನಿಂತ.

“ಅದು... ಬ... ಬ...”

“ಬಾಡ್ಗೆ ಜಾಗವಾ?” ಎಂದರು ಚನ್ನಲಿಂಗಪ್ಪ.

“ಬರ್ದಿದ್ದು ತಪ್ಪಾಗೈತೆ ಅಂತಾವ್ನೆ,” ಎಂದರು ಬಸಮ್ಮ.

“ಒಸಿ ಸುಮ್ಕಿರಪ್ಪ. ನೀವೂ ಸುಮ್ಕಿರ್ರಮ್ಮ,” ಎಂದಳು ಶಿವಗಂಗಾ.

ಚನ್ನಲಿಂಗಪ್ಪನವರು ಬಿಚ್ಚಿದ ಹಾಳೆಯನ್ನು ಮತ್ತೆ ಮಡಿಸತೊಡಗಿದರು.

“...ಬಯೋಡೇಟಾ ಅಲ್ಲ,” ಎಂದ ಶಂಭುಲಿಂಗ. ಆಮೇಲೆ ಆಟದ ವಿಷಯ, ರಣಧೀರನ ಮೂರು ಎಕರೆ ನೀರಾವರಿ, ಕೋಟೆಪಾಲಕರ ಉತ್ತರ, ಎಲ್ಲವನ್ನೂ ತಡೆದು ತಡೆದು ಹೇಳಿದ. ಡ್ರಾಯರಿನಿಂದ ಅಸಲಿ ಹಾಳೆ ತೆಗೆದು ಕೊಟ್ಟ. “ನಮ್ದು ಇದು.”

ಶಿವಗಂಗಾ ಅದನ್ನು ಓದಿದಳು. “‘ಮಿತಭಾಷಿ.’ ಈಗ ಅರ್ಧ ಗಂಟೆ ಮಾತಾಡುದ್ರಲ್ಲ?” ಎಂದು ಅದನ್ನು ಮೇಜಿನ ಮೇಲಿಟ್ಟು ಆಚೆಗೆ ಸರಿಸಿದಳು. “ನಾನು ಬಿಡದಿ ಫ್ಯಾಕ್ಟರೀಲಿ ಚೆಕಿಂಗ್ ಸೆಕ್ಷನ್ನು ಕಣ್ರೀ. ಕುಂದು ಹುಡುಕೋಕೇ ನನಗೆ ಸಂಬಳ. ಮನೆಗೆ ಹದಿನಾರು ಬಯೋಡೇಟಾ ಬಂದ್ವು, ಒಂದ್ರಲ್ಲೂ ಕುಂದಿರ್ನಿಲ್ಲ. ಅಂಥ ಮಾಲು ನಮ್ ಲೈನಿಗೆ ಬಂದ್ರೆ ಇನ್ನೊಂದ್ ಸರ್ತಿ ಚೆಕ್ ಮಾಡ್ತೀವಿ. ಈ ಅರಿಶಿನದ ಹಾಳೆ ಒಂದೇ ನನ್ನ ಕೆಲ್ಸ ಕಮ್ಮಿ ಮಾಡಿದ್ದು.”

“ಹುಂಜಕ್ಕೆ ಹೆದರೋದೂ ನಿಜವಾ?” ಎಂದರು ಚನ್ನಲಿಂಗಪ್ಪ.

“ನಿಜ ಕಣಣ್ಣ,” ಎಂದರು ಬಸಮ್ಮ, ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು. “ಚಿಕ್ಕೋನಿದ್ದಾಗ ಕುಕ್ಬುಟ್ಟಿತ್ತು.”

ಶಿವಗಂಗಾ ನಗು ತಡೆಯಲು ಕಂಪ್ಯೂಟರಿನ ಕಡೆ ತಿರುಗಿದಳು. ಪರದೆಯ ಮೇಲೆ, ತಿದ್ದಿ ಕಳಿಸಿದ್ದ ಹಾಳೆಗೆ ಕೋಟೆಪಾಲಕರು ಕೊಟ್ಟ ಉತ್ತರ ತೆರೆದೇ ಇತ್ತು: ‘ಶಂಭು ಒಳಗೆ ಬರಬಹುದು. ಕೋಟೆಯಲ್ಲಿ ಎಲ್ಲರಿಗೂ ಪತ್ರ ಬರೆಸುವ ಕೆಲಸವಿದೆ.’

“ನಾನೂ ಸೇರ್ಬೌದಾ ಇದ್ಕೆ?”

ಶಂಭುಲಿಂಗ ಕೂತು ಹೊಸ ಹಾಳೆ ತೆರೆದ. ಶ್ರೀಕಾರ ತಾನಾಗೇ ಬಂತು. ಹೆಸರು ಬರೆದ, ಊರು ಬರೆದ. ನಡಿಗೆ ಎಂಬಲ್ಲಿ ಅವಳನ್ನು ಕೇಳದೆ ‘ನೇರ’ ಎಂದು ಹಾಕಿದ. ಕೊನೆಯ ಖಾನೆಗೆ ಬಂದು ಅವಳ ಮುಖ ನೋಡಿದ.

“ಕುಂದಾ?” ಅವಳು ಒಂದು ಗಳಿಗೆ ಯೋಚಿಸಿದಳು. “ಯಾರ ಮಾತನ್ನೂ ಮುಗಿಯಾಕೆ ಬುಡಾಕಿಲ್ಲ. ನಡುವೇನೇ ಬಾಯಿ ಹಾಕ್ಬುಡ್ತೀನಿ. ಬೇಕಾದ್ರೆ ಅಪ್ಪನ್ನ ಕೇಳಿ.”

ಚನ್ನಲಿಂಗಪ್ಪನವರು ಬಲವಾಗಿ ತಲೆಯಾಡಿಸಿದರು.

ಶಂಭುಲಿಂಗನ ಬೆರಳು ಕೀಲಿಗಳ ಮೇಲೆ ನಿಂತಿತು. “ಬ...” ಎಂದ. “ಬ... ಬ...”

ಬಸಮ್ಮನ ತುಟಿ ತೆರೆಯಿತು. ಶಿವಗಂಗಾ ಅವರ ಮೊಣಕೈ ಮೇಲೆ ಮೆಲ್ಲಗೆ ಕೈಯಿಟ್ಟಳು. ತಾನೂ ಕೆಳತುಟಿ ಕಚ್ಚಿಕೊಂಡು ಕಾದಳು. ಎದುರಿನ ಅಂಚೆ ಕಚೇರಿಯ ಮುಂದೆ ಒಂದು ಬಸ್ಸು ಬಂದು ನಿಂತು, ಜನ ಇಳಿಸಿ, ಹೊರಟೂ ಹೋಯಿತು.

“...ಬರೀಲಾ, ಬೇಡ್ವಾ?” ಎಂದ ಶಂಭುಲಿಂಗ.

“ಬರೀರಿ,” ಎಂದಳು ಶಿವಗಂಗಾ. “ಈಚೆಗೆ ಒಸಿ ಕಮ್ಮಿ ಆಗೈತೆ ಅಂತಾನೂ ಬರೀರಿ.”