ಆರ್.ಟಿ. ನಗರಕ್ಕೆ, ಬೆಹ್ರೂಜನಿಗಾಗಿ

ಎಪ್ಪತ್ತೆಂಟರ ಚಳಿಗಾಲದ ಒಂದು ಭಾನುವಾರ ತುಮಕೂರಿನಲ್ಲಿ ಬೆಳಗಿನ ರೈಲು ಹತ್ತಿದೆ. ಇರಾನಿನಲ್ಲಿ ಜನ ದೊರೆಯ ವಿರುದ್ಧ ಬೀದಿಗಿಳಿದಿದ್ದರು. ಸೈನಿಕರು ಗುಂಡು ಹಾರಿಸುತ್ತಿದ್ದರು. ನಮ್ಮ ಸರ್ಕಾರ ಏನು ಮಾಡಬೇಕೆಂದು ಚರ್ಚಿಸಿ ದೆಹಲಿಗೆ ಮನವಿ ಕಳಿಸಲು ಕೆಲವು ಅಧ್ಯಾಪಕರು ಬೆಂಗಳೂರಿನ ಆರ್.ಟಿ. ನಗರದಲ್ಲಿ ಸಭೆ ಕರೆದಿದ್ದರು. ನಾನು ಹೊರಟದ್ದು ಬೆಹ್ರೂಜನಿಗಾಗಿ. ಈ ಇರಾನಿ ವಿದ್ಯಾರ್ಥಿ ಎರಡು ವರ್ಷ ನಮ್ಮ ಮಹಡಿ ಕೋಣೆಯಲ್ಲಿದ್ದು, ನನ್ನ ಹೆಂಡತಿಯಿಂದ ಕನ್ನಡ ಕಲಿತಿದ್ದ. ಅವಳು ತೀರಿಕೊಂಡ ವರ್ಷವೇ ಮುಂದಿನ ಓದಿಗೆಂದು ಬೆಂಗಳೂರಿಗೆ ಹೋಗಿದ್ದ.

ಯಶವಂತಪುರದಲ್ಲಿ ಇಳಿದಾಗ ಮಂಜು ಕರಗಿರಲಿಲ್ಲ. ಸ್ಟೇಷನ್ ಎದುರು ಇಡ್ಲಿ ತಿಂದು ಬಸ್ಸು ಹಿಡಿದೆ. ಮೇಖ್ರಿ ಸರ್ಕಲ್ ದಾಟಿದ ಮೇಲೆ ಕಟ್ಟುತ್ತಿರುವ ಮನೆಗಳು, ನಡುನಡುವೆ ರಾಗಿ ಕೊಯ್ದ ಹೊಲಗಳು.

ಸಭೆಯಲ್ಲಿ ಬಾಗಿಲ ಬಳಿ ಕೂತಿದ್ದ ಬೆಹ್ರೂಜ್ ಸೊರಗಿದ್ದ. ಒಬ್ಬರು ದೊರೆಯನ್ನು ಬಹಿರಂಗವಾಗಿ ಖಂಡಿಸಬೇಕೆಂದರು. ಇನ್ನೊಬ್ಬರು, ಎಣ್ಣೆ ಬರುವುದು ಅಲ್ಲಿಂದ, ನಮ್ಮವರೂ ಅಲ್ಲಿ ದುಡಿಯುತ್ತಿದ್ದಾರೆ, ಸುಮ್ಮನಿರುವುದೇ ಲೇಸೆಂದರು. ಯಾರು ಗೆಲ್ಲುತ್ತಾರೋ ನೋಡೋಣ ಎಂದರು ಮತ್ತೊಬ್ಬರು.

ನಾನು ಎದ್ದು ನಿಂತೆ. "ಇಲ್ಲಿ ಮೆರವಣಿಗೆ ಮಾಡಿದ ಬೆಹ್ರೂಜನಂಥ ಹುಡುಗರ ಪಾಸ್‌ಪೋರ್ಟನ್ನ ಆ ಸರ್ಕಾರ ನವೀಕರಿಸ್ತಿಲ್ಲ. ವಾಪಸ್ ಹೋಗೋಕೆ ಮಾತ್ರ ಕಾಗದ ಕೊಡುತ್ತಂತೆ. ಪಾಸ್‌ಪೋರ್ಟ್ ಇಲ್ದಿದ್ರೂ ಇವರನ್ನ ಇಲ್ಲೇ ಇರೋಕೆ ಬಿಡಿ ಅಂತ ಬರೀರಿ."

"ಅದು ಸಣ್ಣ ವಿಷಯ ಕಣ್ರೀ ಮೇಷ್ಟ್ರೇ," ಎಂದರು ಅಧ್ಯಕ್ಷರು. "ಪ್ರಪಂಚದ ಮಾತಾಡ್ತಾ ಇದೀವಿ."

ನನ್ನ ಮಾತಿನ ಪರ ಮೇಲೆದ್ದದ್ದು ನನ್ನದೊಂದೇ ಕೈ. ಖಂಡನೆಗೆ ಚಪ್ಪಾಳೆ ಬಿತ್ತು.

ಸಂಜೆ ಬೆಹ್ರೂಜ್ ನನ್ನನ್ನು ಕಳಿಸಲು ಸ್ಟೇಷನ್ನಿಗೆ ಬಂದ.

"ಕಾಗದ ತಗೊಂಡಿದೀನಿ ಸಾರ್. ಶುಕ್ರವಾರ ಹೋಗ್ತೀನಿ."

"ಇಳಿದ ತಕ್ಷಣ ಹಿಡೀತಾರಲ್ಲೋ! ನಮ್ಮನೆಗೆ ಬಂದುಬಿಡು. ಮಹಡಿ ಕೋಣೆ ಹಾಗೇ ಇದೆ. ಅಡಿಗೆ ನಾನೇ ಮಾಡ್ತೀನಿ."

ಅವನು ನಕ್ಕ. "ನಿಮ್ಮ ಅಡಿಗೆ ನನಗೆ ಗೊತ್ತು ಸಾರ್." ಆಮೇಲೆ ಮೆಲ್ಲಗೆ ಹೇಳಿದ: "ಅಲ್ಲಿ ನನ್ನ ತಂಗಿ ಬೀದಿಗೆ ಇಳಿದಿದ್ದಾಳೆ. ನಾನು ಮಹಡಿ ಮೇಲೆ ಕೂತು ರೇಡಿಯೋ ಕೇಳೋದು ಹೇಗೆ?"

ಹಾಕಿಕೊಂಡಿದ್ದ ಉಣ್ಣೆ ಶಾಲನ್ನು ಅವನಿಗೆ ಹೊದಿಸಿದೆ. ರೈಲು ಹೊರಟಿತು. ಅವನು ಪ್ಲಾಟ್‌ಫಾರ್ಮಿನ ಕೊನೆಯವರೆಗೂ ಜೊತೆಗೆ ನಡೆದು ಬಂದು ನಿಂತ.

ಎದುರಿಗೆ ಸೊಪ್ಪಿನ ಬುಟ್ಟಿಯ ಹೆಂಗಸು ಕೂತಿದ್ದಳು. "ಯಾರು ಸಾಮಿ ಆ ಉಡ್ಗ?"

"ನಮ್ಮನೇಲಿದ್ದ. ಅವನ ಊರಿಗೆ ಹೋಗ್ತಾನೆ."

"ಊರ್ಗೋದ್ರೆ ಒಳ್ಳೇದೇ ಅಲ್ವಾ? ಯಾಕಿಂಗೆ ಮಖ ಮಾಡ್ಕಂಡಿದ್ದೀರಿ?"

"ಒಳ್ಳೇದೇ ಕಣಮ್ಮ," ಎಂದೆ. ಚಿಕ್ಕಬಾಣಾವರ ದಾಟುವವರೆಗೂ ಕಿಟಕಿಯಿಂದ ಮುಖ ಈಚೆಗೆ ತಿರುಗಿಸಲಿಲ್ಲ.