ಗೋಡೆಯಾಚೆಯಿಂದ ಬಂದ ಹೆಸರು

ಯಾರಾದರೂ ಇಂಥ ಸಂಗತಿ ಹೇಳಲು ಬಾಯಿ ತೆರೆದರೆ ಮೊದಲು ನಗುತ್ತಿದ್ದವಳು ನಾನೇ. ಸತ್ತವರು ಕೂಗಿದರು, ಕನಸಲ್ಲಿ ಬಂದು ಎಚ್ಚರಿಸಿದರು ಎಂದು ನಮ್ಮೂರ ಹೆಂಗಸರು ಜಗಲಿಯ ಮೇಲೆ ಕೂತು ಹೇಳುವಾಗ, 'ಅವರ ಫೋನ್ ನಂಬರ್ ಇದ್ರೆ ನಂಗೂ ಕೊಡಿ' ಎಂದು ರೇಗಿಸಿ ಬೈಸಿಕೊಂಡಿದ್ದೇನೆ. ಈಗಲೂ ದೆವ್ವ ಭೂತ ಎಂದರೆ ನನಗೆ ನಂಬಿಕೆಯಿಲ್ಲ. ಆದರೆ ಹನ್ನೆರಡು ಹದಿಮೂರು ವರ್ಷದ ಹಿಂದೆ, ಬಿಸಿಲು ಸುಡುತ್ತಿದ್ದ ಒಂದು ಮಧ್ಯಾಹ್ನ ನನ್ನ ಕಿವಿಗೆ ಬಿದ್ದದ್ದನ್ನು ಇಲ್ಲವೆನ್ನಲು ನನ್ನಿಂದ ಆಗುತ್ತಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳಿಬಿಡುತ್ತೇನೆ. ನಿಮಗೇನಾದರೂ ಹೊಳೆದರೆ ಒಳ್ಳೆಯದೇ.

ನಮ್ಮದು ಮಾಗಡಿ ತಾಲ್ಲೂಕು. ಗುಡೇಮಾರನಹಳ್ಳಿ ಕಡೆ ಹೋಗುವ ಬಸ್ಸಿನಲ್ಲಿ ಇಳಿದು ಒಳಗೆ ನಡೆಯಬೇಕಾದ ಸಣ್ಣ ಊರು. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿ, ನಾನು. ರೇಷ್ಮೆಹುಳ ಸಾಕುವುದು ನಮ್ಮ ಕಸುಬು. ಅಜ್ಜಿಯ ಕಿವಿ ಆಗಲೇ ಮಂದವಾಗಿತ್ತು. ಮನೆ ಮುಂದೆ ಲಾರಿ ಹಾರ್ನ್ ಹೊಡೆದರೂ 'ಯಾರೋ ಕೆಮ್ಮಿದಂಗಾಯ್ತು, ನೋಡು' ಅನ್ನುತ್ತಿತ್ತು. ಈ ಮಾತು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಕ್ಕದ ಮನೆ ಕೆಂಪಮ್ಮನದು. ಕುರಿ ಸಾಕುವ ಮನೆತನ. ಗಂಡ ತೀರಿಹೋಗಿದ್ದ, ಮಕ್ಕಳಿಲ್ಲ, ಹತ್ತು ಹನ್ನೆರಡು ಕುರಿ, ಒಂದು ನಾಯಿ. ಊರಲ್ಲಿ ಎಲ್ಲರ ಹಿತ್ತಿಲ ನಡುವೆಯೂ ಬೇಲಿ ಇದ್ದರೆ ನಮ್ಮಿಬ್ಬರ ನಡುವೆ ಮಾತ್ರ ಎದೆಯೆತ್ತರ ಕಲ್ಲಿನ ಗೋಡೆ. ಆ ಮನೆಯೊಂದಿಗೆ ನಮಗೆ ಮಾತಿರಲಿಲ್ಲ. ಯಾಕೆ ಎಂದು ಕೇಳಿದರೆ ಅಜ್ಜಿ 'ನಿಂಗ್ಯಾಕೆ ಆ ಪುರಾಣ, ಓದ್ಕೊ ಹೋಗು' ಎನ್ನುತ್ತಿತ್ತು. ಅಮ್ಮನನ್ನು ಕೇಳಿದರೆ ಸುಮ್ಮನೆ ಎದ್ದು ಒಳಗೆ ಹೋಗುತ್ತಿದ್ದಳು. ನಾನು ಒಬ್ಬಳೇ ದಾರಿಯಲ್ಲಿ ಸಿಕ್ಕಿದರೆ ಕೆಂಪಮ್ಮ ಕುರಿಗಳನ್ನು ಪಕ್ಕಕ್ಕೆ ತಳ್ಳಿ ದಾರಿ ಬಿಟ್ಟು ನಿಲ್ಲುತ್ತಿದ್ದಳು. ನಾನು ದಾಟಿ ಹೋಗುವ ತನಕ ನೋಡುತ್ತಲೇ ಇರುತ್ತಿದ್ದಳು. ಆ ನೋಟ ಬೆನ್ನಿಗೆ ಅಂಟಿಕೊಂಡ ಹಾಗಾಗಿ ನಾನು ಬಿರಬಿರನೆ ನಡೆಯುತ್ತಿದ್ದೆ.

ನನಗೆ ಹದಿನೇಳಾದ ವರ್ಷ ನಮ್ಮ ಹುಳ ಸಾಲಾಗಿ ಎರಡು ಬೆಳೆ ಹೋಯಿತು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ, ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ಮೇಯುವ ಸದ್ದು ಸೋನೆ ಮಳೆಯ ಹಾಗೆ ಮನೆಯೆಲ್ಲ ತುಂಬಿರುತ್ತದೆ. ಎರಡು ಸಲವೂ ಆ ಸದ್ದು ಒಂದೇ ದಿನದಲ್ಲಿ ನಿಂತುಹೋಯಿತು. ಹುಳ ತಲೆ ಎತ್ತಿ ಆಡಿಸಿ, ಹಸಿರು ಕಕ್ಕಿ, ಮುದುಡಿ ಬಿದ್ದವು. ಎರಡು ಸಲವೂ ಹಿಂದಿನ ಬೆಳಗ್ಗೆ ನಮ್ಮ ಗೇಟಿಗೆ ಹಿಪ್ಪುನೇರಳೆಯ ಕೊಂಬೆಯೊಂದನ್ನು ಮುರಿದು ತಲೆಕೆಳಗಾಗಿ ಯಾರೋ ನೇತುಹಾಕಿದ್ದರು. ಅಪ್ಪ, ಎರಡು ಹೊಲದಾಚೆಯ ಟೊಮೇಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಬಂದಿರಬಹುದೇನೋ ಎಂದು ಗೊಣಗಿತು. ಅಷ್ಟು ದೂರದಿಂದ ಹೇಗೆ ಬಂದೀತು ಎಂದು ತಾನೇ ಸುಮ್ಮನಾಯಿತು. ಅಜ್ಜಿಗೆ ಮಾತ್ರ ಅನುಮಾನವೇ ಇರಲಿಲ್ಲ. ಇದು ಮಾಟ.

ಆ ವಯಸ್ಸಿನಲ್ಲಿ ನನಗೆ ಪತ್ತೇದಾರಿ ಕಾದಂಬರಿಯ ಹುಚ್ಚು. ಮಾಗಡಿಯ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಎರಡು ದಿನಕ್ಕೊಂದು ಮುಗಿಸುತ್ತಿದ್ದೆ. ಮೂರನೇ ಬೆಳೆಯ ಹುಳ ಮನೆಗೆ ಬಂದ ಮೇಲೆ ಪತ್ತೆ ಮಾಡಿಯೇ ತೀರುತ್ತೇನೆಂದು ಬೆಳಕು ಹರಿಯುವ ಹೊತ್ತಿಗೆ ಪಂಪ್‌ಸೆಟ್ ಮನೆಯ ಹಿಂದೆ ಅವಿತು ಕೂರತೊಡಗಿದೆ. ಮೂರನೇ ದಿನ ಕೆಂಪಮ್ಮ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಮ್ಮ ತೋಟದ ಅಂಚಿನ ಸಾಲಿಗೆ ಇಳಿದಳು. ಒಂದೊಂದು ಸಾಲಿನ ತುದಿಯಲ್ಲೂ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿದಳು, ಕಣ್ಣು ಮುಚ್ಚಿ ನಿಂತಳು, ಉಗುಳಿದಳು. ಓಡಿಬಂದು ಅಜ್ಜಿಯ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಕಿರುಚಿ ಹೇಳಿದೆ.

ನಾನು ಮಾಡಿದ ತಪ್ಪು ಅದು. ಹೇಳುವಾಗ ದೊಡ್ಡ ಸಾಹಸ ಮಾಡಿದ ಹಾಗಿತ್ತು.

ಆ ಸಂಜೆ ಊರ ನಾಲ್ಕು ಹಿರಿಯರು ಅರಳಿಕಟ್ಟೆಯಲ್ಲಿ ಸೇರಿದರು. 'ನಮ್ ಸೊಪ್ಪ ಎಂಜಲು ಮಾಡಿ ಉಗುಳವ್ಳೆ, ನನ್ ಮೊಮ್ಮಗಳೇ ಕಣ್ಣಾರೆ ಕಂಡವ್ಳೆ' ಎಂದು ಅಜ್ಜಿ ಕೂಗಾಡಿತು. ಕೆಂಪಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. 'ನಾನ್ಯಾಕ್ ದೊಡ್ಡವ್ವ ನಿನ್ ಹುಳ ಸಾಯಿಸ್ಲಿ? ಅದ್ನ ತಿಂದು ನಂಗೇನ್ ಹೊಟ್ಟೆ ತುಂಬ್ತದಾ?' ಎಂದಳು. ಯಾರೋ ನಕ್ಕರು. ಎಲೆ ಯಾಕೆ ಅಗಿದೆ ಎಂದು ಕೇಳಿದಾಗ ಅವಳು ಒಂದು ಸಲ ಅಜ್ಜಿಯ ಮುಖ ನೋಡಿದಳು, ಒಂದು ಸಲ ನನ್ನ ಮುಖ ನೋಡಿದಳು, ಆಮೇಲೆ ತುಟಿ ಬಿಚ್ಚಲಿಲ್ಲ. ಹಿರಿಯರು ಒಂದು ತೀರ್ಮಾನಕ್ಕೆ ಬಂದರು. ಈ ಬೆಳೆಯೂ ಹೋದರೆ ಕೆಂಪಮ್ಮ ಊರದೇವರ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಆಣೆ ಮಾಡಬೇಕು. ಮಾಡದಿದ್ದರೆ ಮನೆ ಖಾಲಿ ಮಾಡಿ ಕನಕಪುರದ ಕಡೆ ತಮ್ಮನ ಮನೆಗೆ ಹೋಗಬೇಕು. ಬರುವಾಗ ಕೆಂಪಮ್ಮ ನನ್ನ ಪಕ್ಕದಲ್ಲೇ ಹಾದುಹೋದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಆ ರಾತ್ರಿ ನನಗೆ ನಿದ್ದೆ ಬರುತ್ತಿತ್ತೋ ಏನೋ.

ಅಲ್ಲಿಂದಾಚೆ ಅವಳು ನಮ್ಮ ತೋಟದ ಕಡೆ ಕಾಲಿಡಲಿಲ್ಲ. ವಾರ ಕಳೆದ ಮೇಲೆ ಕುರಿ ಮೇಯಿಸುವಾಗ ಬಂಡೆಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡಳು. ತಮ್ಮ ಬಂದು ರಾಮನಗರದ ಆಸ್ಪತ್ರೆಗೆ ಸೇರಿಸಿದ. ಕುರಿಗಳನ್ನು ಅವನೇ ಹೊಡೆದುಕೊಂಡು ಹೋದ, ಮನೆಗೆ ಬೀಗ ಬಿತ್ತು.

ಅವಳು ಆಸ್ಪತ್ರೆ ಸೇರಿದ ಮಾರನೆಯ ದಿನ, ನಮ್ಮ ಹುಳ ನಾಲ್ಕನೇ ಜ್ವರ ಎದ್ದು ಮೂರನೇ ದಿನ. ಬೆಳಗ್ಗೆಯೇ ಚನ್ನಪಟ್ಟಣದಿಂದ ಸಾವಿನ ಸುದ್ದಿ ಬಂತು, ಅಮ್ಮನ ಸೋದರಮಾವ. ಅಪ್ಪ ಅವಸರದಲ್ಲಿ ಮನೆಗೆ ಹತ್ತಿರದ ಅಂಚಿನ ಸಾಲಿನಿಂದಲೇ ಸೊಪ್ಪು ಕೊಯ್ದು, ಒದ್ದೆ ಗೋಣಿ ಹೊದಿಸಿ, 'ಎರಡು ಗಂಟೆಗೆ ಹಾಕ್ಬುಡು ಮಗ, ಮರೀಬ್ಯಾಡ' ಎಂದು ಹೇಳಿ ಅಮ್ಮನ ಜೊತೆ ಹೊರಟಿತು. ಅಜ್ಜಿ ಊಟ ಮಾಡಿ ಜಗಲಿಯಲ್ಲಿ ಮಲಗಿತು.

ಎರಡು ಗಂಟೆಗೆ ಕೈಕಾಲು ತೊಳೆದು ಹುಳದ ಮನೆಗೆ ಹೋದೆ. ಹಸಿದ ಹುಳ ಸದ್ದು ಮಾಡುವುದಿಲ್ಲ. ಸಾವಿರಾರು ತಲೆ ಮೇಲೆತ್ತಿಕೊಂಡು ಸುಮ್ಮನೆ ಕಾಯುತ್ತಿದ್ದವು. ಒಂದು ತಬ್ಬು ಸೊಪ್ಪು ಎತ್ತಿಕೊಂಡು ಮೊದಲ ತಟ್ಟೆಯ ಮೇಲೆ ಬಗ್ಗಿದೆ. ಆಗ ಹಿತ್ತಿಲ ಕಡೆಯಿಂದ, ಗೋಡೆಯಾಚೆಯಿಂದ, ಹೆಂಗಸಿನ ದನಿ ಬಂತು.

'ಚುಕ್ಕೀ... ಹಾಕ್ಬ್ಯಾಡ ಕಣವ್ವ. ನಾಕ್ ಹುಳಕ್ಕೆ ಹಾಕಿ ನೋಡು.'

ನನ್ನನ್ನು ಆ ಹೆಸರಿನಿಂದ ಯಾರಾದರೂ ಕರೆದದ್ದು ನನಗೆ ನೆನಪಿಲ್ಲ. ಆದರೂ 'ಹ್ಞೂಂ' ಎಂದು ಓಗೊಟ್ಟೆ. ಅದೇ ನನ್ನ ಹೆಸರು ಎಂಬಂತೆ ನನ್ನ ಕತ್ತು ತಾನಾಗಿ ತಿರುಗಿತು. ಹೆದರಿಕೆ ಬಂದದ್ದು ಆಮೇಲೆ. ಸೊಪ್ಪು ಅಲ್ಲೇ ಹಾಕಿ ಗೋಡೆಯ ಹತ್ತಿರ ಓಡಿ ಬಗ್ಗಿ ನೋಡಿದೆ. ಬಾಗಿಲಿಗೆ ಬೀಗ ಹಾಗೇ ಇತ್ತು. ಕುರಿರೊಪ್ಪ ಖಾಲಿ. ನಾಯಿಯೂ ಇರಲಿಲ್ಲ. ದೂರದಲ್ಲಿ ಸಾವನದುರ್ಗದ ಬಂಡೆ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಅಪ್ಪನಿಗೆ ಫೋನ್ ಮಾಡಿದೆ, ಸಾವಿನ ಮನೆಯಲ್ಲಿ ಯಾರು ಎತ್ತುತ್ತಾರೆ.

ನಂಬದಿರುವವಳು ಏನು ಮಾಡಬೇಕಿತ್ತು? ಸೊಪ್ಪು ಹಾಕಬೇಕಿತ್ತು. ನನ್ನ ಕೈ ಬರಲಿಲ್ಲ. ಒಂದು ಹಿಡಿ ಹುಳವನ್ನು ಮೊರಕ್ಕೆ ಎತ್ತಿಕೊಂಡು, ಅದಕ್ಕೆ ನಾಲ್ಕು ಎಲೆ ಹಾಕಿ, ಹೊಸಲಿನ ಮೇಲೆ ಕೂತೆ. ಹುಳ ಸರಸರನೆ ಮೇದವು. ನಾನೆಂಥ ಪೆದ್ದಿ ಎಂದುಕೊಂಡೆ. ಸುಮಾರು ಒಂದು ಗಂಟೆ ಕಳೆದಿರಬೇಕು, ಒಂದು ಹುಳ ತಲೆ ಎತ್ತಿ ಅತ್ತಿತ್ತ ಆಡಿಸಿತು. ಹಸಿರು ಕಕ್ಕಿತು. ಮತ್ತೊಂದು. ಆಮೇಲೆ ಎಲ್ಲವೂ.

ಆಗ ನಾನು ಗೋಣಿಯ ಕೆಳಗಿನಿಂದ ಒಂದು ಎಲೆ ತೆಗೆದು ಬಾಯಿಗೆ ಹಾಕಿ ಅಗಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ನಾಲಿಗೆ ತುದಿ ಕಹಿಯಾಗಿ ಚುರುಗುಟ್ಟಿತು. ಉಗುಳಿ, ಬಾಯಿ ಮುಕ್ಕಳಿಸಿ, ಬಾವಿಯ ಪಕ್ಕದ ಸಾಲಿಗೆ ಓಡಿ ಅಲ್ಲಿಯದೊಂದು ಎಲೆ ಅಗಿದೆ. ಅದು ಬರೀ ಸೊಪ್ಪಿನ ಸಪ್ಪೆ ರುಚಿ. ಅಪ್ಪ ಗೊಣಗಿದ್ದ ಟೊಮೇಟೊ ತೋಟದ ಔಷಧಿಯೇ ಅಂಚಿನ ಸಾಲಿನ ಸೊಪ್ಪಿಗೆ ಕೂತಿತ್ತು. ಕಣ್ಣು ಮುಚ್ಚಿ ನಿಂತಿದ್ದೆ, ಅವಳು ನಿಂತ ಹಾಗೇ. ಕೆಂಪಮ್ಮ ನಮ್ಮ ತೋಟದಲ್ಲಿ ಮಾಡುತ್ತಿದ್ದದ್ದು ಏನೆಂದು ನನಗೆ ಆಗ ಗೊತ್ತಾಯಿತು. ಗೇಟಿನ ಕೊಂಬೆ ಏನೆಂದೂ ಗೊತ್ತಾಯಿತು.

ಕಣ್ಣು ಬಿಟ್ಟರೆ ಎದುರಿಗೆ ಅಜ್ಜಿ ನಿಂತಿತ್ತು. ಮುಖ ಬಿಳಿಚಿಕೊಂಡಿತ್ತು.

'ಎಲೆ ಅಗ್ದು ನೋಡಾದ ನಿಂಗ್ಯಾರೇ ಹೇಳ್ಕೊಟ್ಟೋರು?'

'ಯಾರೂ ಇಲ್ಲಜ್ಜಿ. ಸೊಪ್ಪು ಹಾಕಕ್ಕೋದೆ, ಗೋಡೆ ಆ ಕಡೆಯಿಂದ ಯಾರೋ ಚುಕ್ಕಿ ಅಂತ ಕೂಗಿದ್ರು' ಎಂದು ಕಿವಿಗೆ ಬಾಯಿಟ್ಟು ಕೂಗಿ ಹೇಳಿದೆ.

ಅಜ್ಜಿ ಬದುವಿನ ಮೇಲೆ ಕುಸಿದು ಕೂತಿತು. 'ಅದೇ ಕೂಗ್ಗೆ ಕಣೇ ನಂಗೂ ಎಚ್ಚರಾಗಿದ್ದು' ಎಂದಿತು. 'ಕನಸೇನೋ ಅಂದ್ಕಂಡು ಇಷ್ಟೊತ್ತೂ ಅಲ್ಲೇ ಕುಂತಿದ್ದೆ.'

ಬಾವಿಕಟ್ಟೆಯ ಸೊಪ್ಪು ಕೊಯ್ಯುತ್ತಾ, ಹುಳಕ್ಕೆ ಹಾಕುತ್ತಾ, ಅಜ್ಜಿ ಬಿಡಿಬಿಡಿಯಾಗಿ ಎಲ್ಲ ಹೇಳಿತು. ನಾನು ಹುಟ್ಟಿದ ಹತ್ತನೇ ದಿನಕ್ಕೆ ಅಮ್ಮನಿಗೆ ಬಾಣಂತಿ ಸನ್ನಿ ಆಗಿ, ಆಸ್ಪತ್ರೆ, ತವರು ಎಂದು ಅವಳು ತಿಂಗಳುಗಟ್ಟಲೆ ನನ್ನಿಂದ ದೂರವಿದ್ದಳು. ಬಾಟಲಿ ಹಾಲು ನನಗೆ ಹಿಡಿಸಲಿಲ್ಲ. ಅದೇ ವಾರ ಕೆಂಪಮ್ಮನ ಕೂಸು ಹೋಗಿತ್ತು. ಅವಳು ಆಗ ನಮ್ಮ ಹುಳದ ಮನೆಗೆ ಕೆಲಸಕ್ಕೆ ಬರುತ್ತಿದ್ದಳು. ಒಂದು ದಿನ ನನ್ನ ಅಳು ಕೇಳಲಾರದೆ ಎತ್ತಿಕೊಂಡು ಎದೆಗೆ ಹಾಕಿಕೊಂಡಳು. ಎಂಟು ತಿಂಗಳು ಅವಳ ಹಾಲು ಕುಡಿದೇ ನಾನು ಬೆಳೆದದ್ದು. ಕಿವಿಯ ಕೆಳಗಿನ ಮಚ್ಚೆ ನೋಡಿ ಚುಕ್ಕಿ ಎಂದು ಹೆಸರಿಟ್ಟವಳೂ ಅವಳೇ. ಅಮ್ಮ ವಾಸಿಯಾಗಿ ಬಂದಾಗ ನಾನು ಅವಳ ಕೈಗೆ ಹೋಗದೆ ಕೆಂಪಮ್ಮನ ಕಡೆಗೇ ಕೈ ಚಾಚಿ ಅತ್ತೆನಂತೆ. ಅಮ್ಮ ಮತ್ತೆ ಊಟ ಬಿಟ್ಟಳು. ಅಜ್ಜಿ ಗೋಡೆ ಕಟ್ಟಿಸಿತು, ಕೆಂಪಮ್ಮನಿಂದ ಮಾತು ತೆಗೆದುಕೊಂಡಿತು. ಮಗುವನ್ನು ಮಾತಾಡಿಸಬಾರದು, ಆ ಹೆಸರು ಕೂಗಬಾರದು, ನಮ್ಮ ಮನೆಯ ಯಾರ ಜೊತೆಯೂ ಮಾತು ಬೇಡ.

'ನಿಮ್ಮವ್ವ ಉಳೀಲಿ ಅಂತ ಮಾಡ್ದೆ ಮಗ' ಎಂದಿತು ಅಜ್ಜಿ. 'ಅವ್ಳು ಏನಾದ್ಲು ಅಂತ ನೋಡ್ನೇ ಇಲ್ಲ.'

ಮಾರನೆಯ ದಿನ ಬಿಡದಿ ಮೇಲೆ ರಾಮನಗರಕ್ಕೆ ಹೋದೆವು. ಅಜ್ಜಿ, ನಾನು, ರಾತ್ರಿ ಸಾವಿನ ಮನೆಯಿಂದ ಬಂದು ಎಲ್ಲ ಕೇಳಿಸಿಕೊಂಡು ಯಾರೂ ಕರೆಯದಿದ್ದರೂ ಹೊರಟ ಅಮ್ಮ. ಕೆಂಪಮ್ಮ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಳು. ನಮ್ಮನ್ನು ಕಂಡು ಗಾಬರಿಯಾಗಿ, 'ಹುಳ ಹೋದ್ವಾ?' ಎಂದಳು. ಇಲ್ಲ ಎಂದಾಗ ತಲೆಯನ್ನು ಮತ್ತೆ ದಿಂಬಿಗೆ ಒರಗಿಸಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿ, ದನಿ ಎತ್ತಿ, 'ಕರ್ಪೂರ ಇಲ್ಲಿಗೇ ತಂದ್ಯೇನ್ ದೊಡ್ಡವ್ವ? ಎದ್ದು ನಿಲ್ಲಾಕಾಗಕಿಲ್ಲ, ಮಲ್ಗೇ ಆರಿಸ್ತೀನಿ' ಎಂದಳು. ಅಜ್ಜಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಕೊಂಬೆ ಯಾಕೆ ನೇತುಹಾಕಿದೆ ಎಂದು ಅಜ್ಜಿ ಕೇಳಿದರೆ, 'ಮಾತಾಡಂಗಿಲ್ಲ ಅಂದಿದ್ಯಲ್ಲ, ಇನ್ನೆಂಗ್ ಹೇಳ್ಲಿ? ಸೊಪ್ಪು ಕೆಟ್ಟೈತೆ ಅಂತ ತಲೆಕೆಳಗ್ ಮಾಡಿ ಕಟ್ದೆ. ನೀವು ಮಾಟ ಅಂದ್ರಿ. ಕಟ್ಟೇಲಿ ಬಾಯ್ ಬಿಟ್ಟಿದ್ರೆ ಹಾಲ್ ಕೊಟ್ಟ ಸುದ್ದೀನೂ ಮಗಿನ್ ಮುಂದೇನೇ ಬರ್ತಿತ್ತು' ಎಂದಳು. ಅಮ್ಮ ಮಂಚದ ಅಂಚಿಗೆ ಕೂತು ಅವಳ ಕೈ ಹಿಡಿದುಕೊಂಡಳು.

ನಿನ್ನೆ ಎರಡು ಗಂಟೆಗೆ ನನ್ನನ್ನು ಕೂಗಿದೆಯಾ ಎಂದು ನಾನು ಕೇಳಿದೆ. ಉತ್ತರ ಕೊಟ್ಟದ್ದು ಅವಳ ತಮ್ಮ. 'ಎರಡು ಗಂಟೇಲಿ ಇವ್ಳಿಗೆ ಮಂಪರು ಕೊಟ್ಟು ಮೂಳೆ ಕೂರಿಸ್ತಾ ಇದ್ರು. ಸಂಜೆಗಂಟ ಮಾತೇ ಇಲ್ಲ' ಎಂದ.

ಆ ಬೆಳೆ ಚೆನ್ನಾಗಿ ಬಂತು. ಅಜ್ಜಿ ಅರಳಿಕಟ್ಟೆಗೆ ಹೋಗಿ, ಕೂಗಾಡಿದಷ್ಟೇ ಗಟ್ಟಿಯಾಗಿ, ತಪ್ಪು ನಮ್ಮದು ಎಂದು ಹೇಳಿ ಬಂತು. ಟೊಮೇಟೊ ತೋಟದವನು ಔಷಧಿ ಹೊಡೆಯುವ ಮುನ್ನ ನಮಗೊಂದು ಮಾತು ಹೇಳುವುದೆಂದಾಯಿತು. ಗೋಡೆಯ ನಾಲ್ಕು ಸಾಲು ಕಲ್ಲು ಇಳಿಸಿ ದಾಟಿಕೊಂಡು ಓಡಾಡಲು ಜಾಗ ಮಾಡಿದೆವು.

ನಾನು ಓದಿದವಳು, ಕಾರಣ ಹುಡುಕದೆ ಬಿಟ್ಟಿಲ್ಲ. ಔಷಧಿಯ ವಾಸನೆ ನನ್ನ ಮೂಗಿಗೆ ಮೊದಲೇ ಬಡಿದಿರಬಹುದು. ಅವಳ ಮಡಿಲಲ್ಲಿ ಹಾಲು ಕುಡಿಯುತ್ತಾ ಕೇಳಿದ ಮಾತು ಎಲ್ಲೋ ಒಳಗೆ ಉಳಿದಿದ್ದು ಆ ಹೊತ್ತಿಗೆ ಮೇಲೆ ಬಂದಿರಬಹುದು. ಇದಿಷ್ಟನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ಲಾರಿಯ ಹಾರ್ನ್ ಕೇಳದ ಅಜ್ಜಿಗೆ ಅದು ಹೇಗೆ ಕೇಳಿಸಿತು? ಇಲ್ಲಿಗೆ ಬಂದು ನಿಂತುಬಿಡುತ್ತೇನೆ.

ಅಜ್ಜಿ ಈಗಿಲ್ಲ. ಕೆಂಪಮ್ಮ ಹೋಗಿಯೂ ಎರಡು ವರ್ಷವಾಯಿತು. ಇದ್ದಷ್ಟು ದಿನವೂ, ಅವಳ ತಲೆಗೆ ಎಣ್ಣೆ ಹಚ್ಚುವಾಗ, ಕಾಲೊತ್ತುವಾಗ, ಕೇಳುತ್ತಲೇ ಇದ್ದೆ. ನಿಜ ಹೇಳು, ಅವತ್ತು ಕೂಗಿದ್ದು ನೀನೇ ತಾನೇ? ಅವಳು ಪ್ರತಿ ಸಲವೂ ನನ್ನ ಕಿವಿಯ ಕೆಳಗಿನ ಮಚ್ಚೆಯನ್ನು ಬೆರಳಲ್ಲಿ ಮುಟ್ಟಿ ಒಂದೇ ಮಾತು ಹೇಳುತ್ತಿದ್ದಳು.

'ನಾನಲ್ಲ ಕಣವ್ವ ಚುಕ್ಕಿ. ನಂಗೆ ಹಂಗ್ ಕೂಗಕ್ ಆಗಂಗಿದ್ರೆ ಹದಿನೇಳು ವರ್ಷ ಯಾಕ್ ಕಾಯ್ತಿದ್ದೆ?'